ಕಪ್ಪು ಹಲ್ಲಿನ ನಗು

“ತಮ್ಮಾ, ರೀಲ್ ಹಾಕೋ ಕ್ಯಾಮೆರಾ ಇದ್ರ ಚೀಲದಾಗ ಇಡು. ನನ್ನ ಮೊಮ್ಮಗಳ ಮಾರಿ ಅದ್ರಾಗ ಹೋಗಬಾರದು.”

ದೇವಾಪುರದ ಆ ಮನೆಯ ಪಡಸಾಲೆಯಲ್ಲಿ ಸಾಯಬಮ್ಮ ಲೆನ್ಸಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದಳು. ಅಂಗೈ ತುಂಬ ಅರಿಶಿಣ. ಒಳಗೆ ಲೋಬಾನದ ಹೊಗೆ, ಬಾಡಿದ ಸೇವಂತಿಗೆಯ ವಾಸನೆ. ಚೇತನಕುಮಾರ ನಕ್ಕ. ಧಾರವಾಡದವನು. ಹೆಂಡತಿಯ ಊರಾದ ಸುರಪುರಕ್ಕೆ ಬಂದು, ಹಳೇ ಕಾಲದ ಫಿಲ್ಮ್ ಕ್ಯಾಮೆರಾಗಳಲ್ಲೇ ನಿಶ್ಚಯ, ಮದುವೆಗಳ ಫೋಟೋ ತೆಗೆಯುವ ಅಂಗಡಿ ಇಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

“ಮೊಬೈಲ್‌ನಾಗ ತಗದ್ರ ನಡೀತೈತಿ, ಇದ್ರಾಗ ಯಾಕ ಬ್ಯಾಡ, ಆಯಿ?”

“ಮೊಬೈಲಿನ್ಯಾಗ ಬರೇ ಚಿತ್ರ ಇರ್ತದ. ರೀಲಿಗಿ ಮಾರಿ ಮ್ಯಾಲಿನ ಬೆಳಕೇ ಹೋಗಿ ಅಂಟ್ಕೊಂತದ. ಕೂದಲಾ, ಉಗುರಾ ಇದ್ದಂಗ ಅದು. ಕೈಗಿ ಸಿಕ್ಕವ್ರು ಏನ್ ಬೇಕಾದ್ದು ಮಾಡ್ತಾರ. ನನ್ನ ಹಿರೇ ಮಗಳನ್ನ ಹಂಗೇ ಕಳಕೊಂಡೀನಿ.”

“ಹಂಗಿದ್ರ ಮಾಟಗಾರ್ರು ನನ್ನ ಅಂಗಡಿ ಮುಂದ ಪಾಳಿ ಹಚ್ಚಬೇಕಿತ್ತಲ್ಲಬೇ!”

ನೆರೆದ ಹೆಣ್ಣುಮಕ್ಕಳು ಗೊಳ್ಳೆಂದರು. ನಿಶ್ಚಯದ ಉಡಿ ತುಂಬಿಸಿಕೊಂಡು ಕೂತಿದ್ದ ಮೌನಿಕಾ, ಸಾಯಬಮ್ಮನ ಮಗನ ಮಗಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ಮುದುಕಿಯ ಕೈಯನ್ನು ಮೆಲ್ಲಗೆ ಸರಿಸಿ ಚೇತನ ಆ ನಗುವನ್ನೇ ಹಿಡಿದ. ಚಕ್.

ಮನೆಗೆ ಬಂದಾಗ ರೋಲಿನಲ್ಲಿ ಇನ್ನೊಂದೇ ಫೋಟೋಗೆ ಚೌಕ ಉಳಿದಿತ್ತು. ಹೊಸ್ತಿಲ ಮೇಲೆ ಶೇಂಗಾ ಸುಲಿಯುತ್ತಿದ್ದ ನಾಲ್ಕು ವರ್ಷದ ಮಗಳು ಇಂಚರಾ ಅಪ್ಪನನ್ನು ಕಂಡು ಹಲ್ಲು ಕಿರಿದಳು. ಅವಳನ್ನು ತೆಗೆದು ರೋಲು ಮುಗಿಸಿದ.

ಬಚ್ಚಲೇ ಅವನ ಕತ್ತಲೆಕೋಣೆ. ಕಿಟಕಿಗೆ ಕರಿಕಂಬಳಿ, ಮೂಗಿಗೆ ರಾಸಾಯನಿಕದ ಹುಳಿನಾತ, ನಲ್ಲಿಯ ತೊಟತೊಟ. ತೊಳೆದ ಫಿಲ್ಮನ್ನು ಬಲ್ಬಿಗೆ ಹಿಡಿದರೆ ಎಲ್ಲವೂ ತಿರುವುಮುರುವು. ಮೌನಿಕಾಳ ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ, ಕರಿಯ ಕಣ್ಣಿನ ನಡುವೆ ಬಿಳಿಯ ಬೊಟ್ಟು. ಸಾಲಿನ ಕೊನೆಯಲ್ಲಿ ಇಂಚರಾ. ಅವಳದೂ ಅದೇ ಕಪ್ಪು ಹಲ್ಲು. ನೆಗೆಟಿವ್ ಅಂದರೆ ಹಾಗೇ. ದಿನವೂ ನೋಡುವವನಿಗೆ ಅದರಲ್ಲಿ ಹೊಸದೇನು?

ಮರುವಾರ ಮೌನಿಕಾಳ ಸೋದರಮಾವ ಮರಿಲಿಂಗ ಅಂಗಡಿಗೆ ಬಂದ. ಅಕ್ಕನ ಮಗಳು ತನಗೇ ಎಂದು ಕಾದು ಕೂತವನನ್ನು ಬಿಟ್ಟು ಹೊರಗಿನ ಸಂಬಂಧ ಮಾಡಿದ್ದರು. ಅದು ಚೇತನನಿಗೂ ಗೊತ್ತಿತ್ತು.

“ಹುಡುಗಿದು ನೆಗೆಟಿವ್ ಕೊಡ್ರಿ ಸರ. ಯಾದಗಿರಿಯಾಗ ದೊಡ್ಡ ಫೋಟೋ ಮಾಡ್ಸಿ ಲಗ್ನದಾಗ ಕೊಡ್ತೀನಿ.”

“ಸಿಟ್ಟು ಇಳೀತೇನ್ರಿ ಮಾವಾರ?”

“ಹುಡುಗಿ ಅಂತೂ ಸಿಗಲಿಲ್ಲ. ಫೋಟೋರೆ ಕೈಯಾಗ ಹಿಡೀತೀನಿ ತಗೋರಿ,” ಎಂದು ನಕ್ಕ ಮರಿಲಿಂಗ. ನಗುವಾಗಲೂ ಅವನ ನೋಟ ಮೇಜಿನ ಮೇಲಿನ ಫಿಲ್ಮನ್ನು ಬಿಟ್ಟು ಕದಲಲಿಲ್ಲ.

ಫಿಲ್ಮನ್ನು ಒಂಟಿ ಚೌಕವಾಗಿ ಕತ್ತರಿಸಿದರೆ ದೊಡ್ಡದು ಮಾಡುವ ಯಂತ್ರದಲ್ಲಿ ಸರಿಯಾಗಿ ಕೂರುವುದಿಲ್ಲ. ಚೇತನ ಕೊನೆಯ ತುಂಡನ್ನು ಇಡಿಯಾಗಿಯೇ ಕಾಗದದಲ್ಲಿ ಸುತ್ತಿ ಕೊಟ್ಟ. ಅದರಲ್ಲಿ ಬಳೆ, ಸೀರೆ, ಉಡಿಯಕ್ಕಿ. ಅದರಲ್ಲಿ ಮೌನಿಕಾ. ಇಂಚರಾಳೂ ಅದರಲ್ಲೇ.

ಮುಂದೊಂದು ಬೆಳಿಗ್ಗೆ ಸಾಯಬಮ್ಮನ ಫೋನು ಬಂತು. ಅಳು ಇರಲಿಲ್ಲ. ಒಣಗಿದ ದನಿ.

“ಆ ರೀಲ್ ಎಲ್ಲಿ ಅದ ತಮ್ಮಾ?”

“ಯಾಕಬೇ ಆಯಿ?”

“ಮೌನಿಕಾನ ಕೂದಲಾ ಬೆಳ್ಳಗಾಗ್ಯಾವ. ಹಲ್ಲು ಕರ್ರಗಾಗ್ಯಾವ. ಬೆಳಕಿನ್ಯಾಗ ಏನೂ ಕಾಣವಲ್ದಂತ, ಕತ್ತಲದಾಗ ಕಾಣ್ತದಂತ. ರೀಲ್ ಎಲ್ಲಿ ಅದ?”

ಚೇತನ ಫೋನನ್ನು ಕಿವಿಯಿಂದ ಇಳಿಸಿದ. ಬಚ್ಚಲಿನಿಂದ ಹೆಂಡತಿ ಶಿವರಂಜನಿಯ ಗದರಿಕೆ ಕೇಳುತ್ತಿತ್ತು. “ಏನ್ ತಿಂದೀದಿ ಖರೇ ಹೇಳು. ನೇರಳೆಹಣ್ಣೇನ? ಉಜ್ಜಿದ್ರೂ ಹೋಗವಲ್ವು ನೋಡು!” ಅವನು ಓಡಿದ. ಇಂಚರಾ ಬಾಯಿ ತೆರೆದು ತೋರಿಸಿದಳು. ಹಾಲುಹಲ್ಲುಗಳು ಇದ್ದಿಲಿನ ಚೂರಿನಂತಿದ್ದವು. ಕಿವಿಯ ಹಿಂದೆ ಒಂದೆಳೆ ಕೂದಲು ಬೆಳ್ಳಗೆ.

“ಪಪ್ಪಾ, ಲೈಟ್ ಆರ್ಸು. ನೀ ಕಾಣವಲ್ಲಿ.”

ಶಹಾಪುರದಲ್ಲಿ ಒಬ್ಬ ಡಾಕ್ಟರು, ಯಾದಗಿರಿಯಲ್ಲಿ ಇನ್ನೊಬ್ಬರು. ಯಾರಿಗೂ ತಿಳಿಯಲಿಲ್ಲ. ಮಗು ಮಂಚದ ಕೆಳಗಿನ ಕತ್ತಲಲ್ಲೇ ಉಣ್ಣತೊಡಗಿತು.

ಚೇತನ ಅಂಗಿ ಹಿಡಿದು ಎಳೆದಾಗ ಮರಿಲಿಂಗ ಬಿಡಿಸಿಕೊಳ್ಳಲಿಲ್ಲ. “ನಾ ಆಕಿ ಒಬ್ಬಾಕಿದಷ್ಟೇ ಮಾಡ್ಸೀನಿ. ನಿನ್ನ ಮಗಳು ಅದ್ರಾಗ ಯಾಕ ಕುಂತಿದ್ಲು?” ಎಂದ. ಆಮೇಲೆ ಮಾಟಗಾರನ ಗುಡಿಸಲಿನ ದಾರಿ ಹೇಳಿದ.

ಚೇತನ ತಿಂಥಣಿ ದಾಟಿ ಹೊಳೆಯ ಗುಂಟ ನಡೆದ. ನಡುಹಗಲು. ಬಂಡೆಗಳು ಹೆಂಚಿನಂತೆ ಕಾದಿದ್ದವು. ಒಣಗಿದ ಬಲೆಗಳ ಮೀನುನಾತ. ಗುಡಿಸಲ ಒಳಗೆ ಮಾತ್ರ ಹಗಲೇ ಇರಲಿಲ್ಲ. ಬೇವಿನೆಣ್ಣೆಯ ಕಮಟು, ಸುಟ್ಟ ಕೂದಲಿನ ಕಮರು ವಾಸನೆ ಗಂಟಲಿಗೇ ಹತ್ತಿತು. ಸೂಗಪ್ಪನೆಂಬ ಮುದುಕ ಗೋಡೆಗೆ ಒರಗಿದ್ದ. ಅವನ ಮುಂದೆ ಮಡಕೆಯ ಚೂರಿನಲ್ಲಿ ಫಿಲ್ಮಿನ ತುಂಡು. ಸುರುಳಿ ಸುತ್ತಿತ್ತು. ಚೀಲ ಹೊಲಿಯುವ ದಬ್ಬಣ ಒಂದೊಂದು ಸುತ್ತನ್ನೂ ತೂರಿ ಆಚೆ ಹೊರಟಿತ್ತು.

“ಕೀಳ್ರಿ ಮುತ್ಯಾ. ನಿಮ್ಮ ಕಾಲು ಹಿಡೀತೀನಿ.”

“ದಬ್ಬಣ ಖಾಲಿ ಇರೂದಿಲ್ಲಪಾ. ಕಿತ್ರ ಇನ್ನೊಂದು ಮಾರಿಗಿ ಚುಚ್ಚಬೇಕು.”

“ನಂದು ತಗೋರಿ.”

“ಗೊತ್ತಿದ್ದು ಕೊಟ್ಟ ಮಾರಿ ಹಿಡಿಯೂದಿಲ್ಲ. ಏನೂ ಗೊತ್ತಿಲ್ದ, ಮನಸ್ಸು ಬಿಚ್ಚಿ ನಗೂ ಮಾರಿ ಬೇಕು. ಕಣ್ಣು ತೆರದಿರಬೇಕು.” ಮುದುಕ ಕೆಮ್ಮಿದ. “ನಿನ್ನ ಧಂದಾನೇ ಅದಲ್ಲೇನು?”

“ಮೌನಿಕಾ?”

“ಆಕೀದು ಮುಂಜಾನಿಗೇ ಮುಗೀತು. ನಿನ್ನ ಕೂಸು ಇನ್ನಾ ಅದ. ಜಲ್ದಿ ಮಾಡು.”

ಸಗರದಲ್ಲಿ ಮದುಮಗಳು ಭಾರತಿಯ ಅರಿಶಿಣದ ದಿನ. ಚೇತನ ಫೋಟೋ ತೆಗೆಯಲು ಮೊದಲೇ ಒಪ್ಪಿಕೊಂಡಿದ್ದ ಮದುವೆ. ಚಪ್ಪರದಡಿ ಹಾಡು, ಹಸಿ ಅರಿಶಿಣದ ಘಮ, ತಂಬಿಗೆಗಳ ಠಣಠಣ. ಭಾರತಿಯ ತಾಯಿ ಹಂಪಮ್ಮ ಓಣಿಯವರಿಗೆಲ್ಲ ಹೇಳುತ್ತಿದ್ದಳು: “ಖರೇ ರೀಲ್ ಅದ ನೋಡ್ರಿ. ನಮ್ಮ ಲಗ್ನದಾಗ ತಗೀತಿದ್ರಲ್ಲ, ಅಂಥಾದ್ದು!”

ಚೇತನ ಕ್ಯಾಮೆರಾ ಎತ್ತಿದ. ಬೆವರು. ಬೆರಳು ಜಾರಿತು. ಮತ್ತೆ ಹಿಡಿದ. ಮಂಚದ ಕೆಳಗೆ ಮಗಳು. ಕಪ್ಪು ಹಲ್ಲು. ಬಿಳಿ ಕೂದಲು.

“ಜರಾ ನಗವಾ,” ಎಂದ.

ಭಾರತಿ ನಕ್ಕಳು. ಅವನು ಒತ್ತಿದ. ಅದೇ ಗಳಿಗೆಗೆ ಯಾರೋ ಗೆಳತಿ ನೀರು ಎರಚಿದಳು. ರೆಪ್ಪೆ ಮುಚ್ಚಿದ್ದು ಅವನಿಗೆ ಕಂಡಿತು. ಮುಚ್ಚಿದ ಕಣ್ಣು. ಇದು ನಡೆಯುವುದಿಲ್ಲ. ತಡೆದಿದ್ದ ಉಸಿರು ಹೊರಬಿತ್ತು. ಕ್ಯಾಮೆರಾ ಇಳಿಸಿದ. ಚೀಲಕ್ಕೆ ಕೈ ಹಾಕಿದ. ಎದ್ದು ಹೋಗಿಬಿಡಬಹುದು. ಈಗಲೇ.

“ಅಣ್ಣಾರ, ಕಣ್ಣು ಮುಚ್ಚಿಬಿಟ್ನಿರಿ!” ಭಾರತಿ ಕಣ್ಣೊರೆಸಿಕೊಳ್ಳುತ್ತ ಕೂಗಿದಳು. “ಹೋಗಬ್ಯಾಡ್ರಿ. ಇನ್ನೊಮ್ಮೆ ತಗೀರಿ. ಈ ಸಲ ಬರೋಬ್ಬರಿ ನೋಡ್ತೀನಿ.”

ಕಣ್ಣರಳಿಸಿ ನೇರ ಲೆನ್ಸಿನೊಳಗೆ ನೋಡಿದಳು. ನಕ್ಕಳು.

ಚೇತನ ಫಿಲ್ಮನ್ನು ಮುಂದಿನ ಚೌಕಕ್ಕೆ ಎಳೆದ.