ಅಂಬಿಗನೊಬ್ಬನನ್ನು ಬಿಟ್ಟು

"ಅಲ್ಲಾ, ಆ ದೀಪದ ಕಾವಲುಗಾರನನ್ನ ಪುಸ್ತಕದಿಂದ ತೆಗೆದುಹಾಕಿದ್ರೆ, ನೀವು ಇನ್ನು ಯಾರ ಬಾಯಲ್ಲಿ ಮಾತಾಡ್ತೀರಿ?"

ಕೇಳಿದವಳು ಅಕ್ಕ. ಕೇಳಿದ್ದು ಪ್ರೆಸ್ಸಿನವನನ್ನು. ಕಿವಿ ಕೆಂಪಾದದ್ದು ಮಾತ್ರ ತಂಗಿಯದು.

ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಊಟದ ಬಿಡುವಿನಲ್ಲಿ ಕೂತು ಕೂತು ಒಂದು ಆಟ ಬರೆದಿದ್ದಳು. ಮೇಜಿನ ಸುತ್ತ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ, ಮಾತಿನಲ್ಲೇ ಕಥೆ ಕಟ್ಟುವ ಆಟ. ಅದರಲ್ಲಿ ಅರ್ಧ ಮುಳುಗಿದ ಒಂದು ನಗರ, ಅದಕ್ಕೊಬ್ಬಳು ಹಟಮಾರಿ ರಾಣಿ. ಭಾನುವಾರ ಬಂತೆಂದರೆ ಅಕ್ಕನ ಅಡುಗೆಮನೆಯ ಮೇಜೇ ಆ ನಗರ.

ಪಕ್ಕದ ಬೀದಿಯ ಪ್ರೆಸ್ಸಿನವನೂ ಆಡಲು ಬರುತ್ತಿದ್ದ. ಬೇರೆ ಹೊತ್ತಿನಲ್ಲಿ ಅವನ ಬಾಯಿಂದ "ಹೂಂ", "ಸರಿ" ಬಿಟ್ಟು ಮೂರನೆಯದು ಹೊರಡಿಸಲು ಹರಸಾಹಸ ಮಾಡಬೇಕು. ಕಾಗದ ಕತ್ತರಿಸಿ ಉಳಿದ ಚೂರುಗಳನ್ನು ದೋಣಿಯಾಗಿ ಮಡಚುತ್ತಾ ಕೂತುಬಿಡುತ್ತಿದ್ದ. ಆದರೆ ದೀಪದ ಕಾವಲುಗಾರನಾದ ಕೂಡಲೇ ಅವನೇ ಬೇರೆ. "ರಾಣಿ, ನೀನು ದಡ ಸೇರೋ ತನಕ ಈ ದೀಪ ಆರಲ್ಲ," ಎಂದು ನೇರ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದ. ರಾಣಿಯಾಗಿ ಕೂತ ತಂಗಿಗೆ ದಾಳದ ಲೆಕ್ಕವೇ ತಪ್ಪಿಹೋಗುತ್ತಿತ್ತು.

ಈಗ ಆಟ ಅಚ್ಚಿಗೆ ಬಂದಿತ್ತು, ಅವನ ಪ್ರೆಸ್ಸಿಗೇ. ಬಂದಲ್ಲೇ ನಿಂತಿತ್ತು.

"ದಾಳದ ನಿಯಮಗಳನ್ನ ನೀವು ಹಳೇ ಆಟ ಒಂದರಿಂದ ತಗೊಂಡಿದ್ದೀರಿ," ಎಂದ ಅವನು, ಮಡಚುತ್ತಿದ್ದ ದೋಣಿಯನ್ನೇ ನೋಡುತ್ತಾ. "ಅದರ ಲೈಸೆನ್ಸ್, ಅಂದ್ರೆ ಬಳಕೆಯ ಷರತ್ತು, ಪೂರ್ತಿ ಓದಿದೆ. ನಿಯಮ ಯಾರು ಬೇಕಾದ್ರೂ ಬಳಸಬಹುದು, ಮಾರಬಹುದು. ಆ ಆಟ ಮಾಡಿದವರ ಹೆಸರು ಹಾಕ್ಬೇಕು, ಏನು ಬದಲಾಯಿಸಿದ್ದೀರಿ ಅಂತ ಹೇಳ್ಬೇಕು. ಆದ್ರೆ ಅವರ ಊರು, ಅವರ ಪಾತ್ರ ಮುಟ್ಟೋ ಹಾಗಿಲ್ಲ. ಕಾವಲುಗಾರ ಅವರವನು."

ಆ ಕಾವಲುಗಾರ ಈ ಮೇಜಿಗೆ ಎಷ್ಟು ಒಗ್ಗಿಹೋಗಿದ್ದನೆಂದರೆ, ಬೇರೆ ಮನೆಯಿಂದ ಬಂದವನೆಂಬುದೇ ತಂಗಿಗೆ ಮರೆತುಹೋಗಿತ್ತು.

"ಸುಮ್ನಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು ಅಕ್ಕ.

"ಮುಖಪುಟದ ಮೇಲೆ ಇವರ ಹೆಸರಿದೆ," ಎಂದ ಅವನು. "ಒಳಗೆ ಇನ್ನೊಬ್ಬರ ಮಾಲು ಇರಬಾರದು."

ಅಷ್ಟು ಉದ್ದದ ಮಾತನ್ನು ಅವನು ಕಾವಲುಗಾರನ ಸಹಾಯವಿಲ್ಲದೆ ಆಡಿದ್ದು ಅದೇ ಮೊದಲು. ಅದೂ ಆ ಕಾವಲುಗಾರನನ್ನೇ ಕಳಿಸಿಬಿಡಲು! ತಂಗಿಗೆ ಹೆಮ್ಮೆಯಾಯಿತು, ಹಿಂದೆಯೇ ಭಯವೂ ಆಯಿತು. ಇನ್ನು ಭಾನುವಾರಗಳಲ್ಲೂ "ಹೂಂ", "ಸರಿ"ಯೇ ಗತಿಯಾದರೆ?

"ಒಂದು ವಾರ ಕೊಡಿ," ಎಂದು ಎದ್ದಳು.

ವಾರ ಕಳೆದು ಹೊಸ ಪುಟಗಳೊಂದಿಗೆ ಪ್ರೆಸ್ಸಿಗೆ ಒಬ್ಬಳೇ ಬಂದಳು. ಕಾವಲುಗಾರ ಹೋಗಿದ್ದ. ಆ ಜಾಗದಲ್ಲಿ ಒಬ್ಬ ಅಂಬಿಗ. ಮಾತು ಕಡಿಮೆ, ಮುಳುಗಿದ ಬೀದಿಗಳಲ್ಲಿ ದೋಣಿ ನಡೆಸುವವನು, ದಾರಿ ತಪ್ಪಿದ್ದರೆ ರಾಣಿಗೂ ಮುಲಾಜಿಲ್ಲದೆ ಹೇಳುವವನು.

ಪ್ರೆಸ್ಸಿನವನು ನಿಂತಲ್ಲೇ ಓದಿದ. "ಅಂಬಿಗನ ಉಗುರಲ್ಲಿ ಮಸಿ ಯಾಕಿದೆ?"

"ಇರಲಿ ಬಿಡಿ. ನಿಮಗೇನು ತೊಂದರೆ?"

"ಜೇಬಲ್ಲಿ ಕಾಗದದ ದೋಣಿ ಬೇರೆ!"

"ಅಂಬಿಗ ಅಂದ್ಮೇಲೆ ದೋಣಿ ಬೇಡ್ವಾ?"

ಅವನು ಮಸಿ ಹತ್ತಿದ ತನ್ನ ಉಗುರುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, ಗಡಿಬಿಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ. "ಲೈಸೆನ್ಸ್ ಪುಟ ಒಂದು ಬಾಕಿ. ಹಳೇ ಆಟದವರ ಹೆಸರು ಹಾಕಿದ್ದೀನಿ. ಈಗ ನಿಮ್ಮದು ಹೇಳಿ. ಯಾವುದು ಎಲ್ಲರಿಗೂ, ಯಾವುದು ನಿಮಗೇ ಮಾತ್ರ?"

ಹಳೇ ಆಟದವರು ತಮ್ಮ ಬಾಗಿಲು ತೆರೆದಿಟ್ಟಿದ್ದರಿಂದಲೇ ಅವಳು ಒಳಗೆ ಬಂದಿದ್ದಳು. ಈಗ ತೆರೆಯಲು ತನ್ನದೂ ಒಂದು ಬಾಗಿಲಿದೆ! ಬೆನ್ನು ತಾನಾಗಿ ನೆಟ್ಟಗಾಯಿತು.

"ನನ್ನ ಹೊಸ ನಿಯಮಗಳೆಲ್ಲಾ ಎಲ್ಲರಿಗೂ. ನನ್ನ ಹೆಸರು ಹೇಳಿ ಬಳಸ್ಲಿ."

"ಮುಳುಗಿದ ನಗರ?"

"ಕೊಟ್ಟೆ."

"ರಾಣಿ?"

"ಅವಳನ್ನೂ ಕೊಟ್ಟೆ. ಹಟ ಮಾಡಿದ್ರೆ ಅವರೇ ಸುಧಾರಿಸಿಕೊಳ್ಳಲಿ."

ಕೀಲಿಗಳ ಮೇಲೆ ಅವನ ಬೆರಳುಗಳು ನಿಂತವು. "ಅಂಬಿಗ?"

"ಅವನೊಬ್ಬನನ್ನು ಬಿಟ್ಟು. ಅವನನ್ನ ಯಾರಿಗೂ ಕೊಡಲ್ಲ."

ಅವನು ತಿರುಗಿದ. ಮೇಜಿಲ್ಲ, ದಾಳವಿಲ್ಲ, ದೀಪವೂ ಇಲ್ಲ. ಆದರೂ ಅದೇ ನೇರ ನೋಟ.

"ಅಂಬಿಗನನ್ನ ಒಂದು ಮಾತು ಕೇಳೋದು ಬೇಡ್ವಾ?"

"ಕೇಳ್ತಿದ್ದೀನಲ್ಲ."

"ಒಪ್ಪಿಗೆ," ಎಂದ ಅವನು. "ಯಾವತ್ತೋ ಒಪ್ಪಿದ್ದೆ. ಹೇಳೋಕೆ ಬೇರೆಯವರ ಬಾಯಿ ಬೇಕಿತ್ತು. ಇವತ್ತು ನಾನೇ ಹೇಳ್ತಿದ್ದೀನಿ. ನೀನಂದ್ರೆ ನನಗೆ ಪ್ರಾಣ."

"ಹಾಗಾದ್ರೆ ಅಚ್ಚು ಹಾಕು," ಎಂದಳು ಅವಳು.

ಯಂತ್ರ ತಿರುಗತೊಡಗಿತು. ಮೊದಲ ಹಾಳೆ ಅವಳ ಹೆಸರು ಹೊತ್ತು ಹೊರಬಂತು. ತಡೆಯಲಾರದೆ ಮುಟ್ಟಿದಳು, ಹಸಿ ಮಸಿ ಅವಳ ಬೆರಳ ತುದಿಗೂ ಹತ್ತಿತು. ಅವನು ಒರೆಸಿಕೊಳ್ಳಲು ಬಟ್ಟೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.