ಲಂಗಕ್ಕೆ ನೀಲಿ ಉಣ್ಣೆ

“ಇವುಗಳಲ್ಲಿ ನನ್ನ ನಾಲಿಗೆಯ ಚೂರು ಯಾವುದು ಮೇಡಂ?”

ಆಸ್ಪತ್ರೆಗೆ ಚೆಕಪ್ಪಿಗೆ ಬಂದವನು ಬಾಗಿಲು ತಪ್ಪಿ ನಮ್ಮ ಲ್ಯಾಬಿಗೆ ನುಗ್ಗಿ, ನನ್ನ ಮೇಜಿನ ಮೇಲಿನ ಗಾಜಿನ ಸ್ಲೈಡುಗಳನ್ನು ತೋರಿಸುತ್ತಿದ್ದ. ಹೆಸರು ಓಸ್ಮೊ. ನಮ್ಮ ತುರ್ಕು ಊರಿನ ನದಿ ದಂಡೆಯಲ್ಲಿ ಮರದ ದೋಣಿ ರಿಪೇರಿ ಮಾಡುವವನು. ನಾಲಿಗೆಯ ಕ್ಯಾನ್ಸರಿಗೆ ಆಪರೇಷನ್ ಆಗಿ ಮಾತು ಕೊಂಚ ತೊದಲುತ್ತಿತ್ತು. ತುಂಟತನಕ್ಕೇನೂ ಕಡಿಮೆಯಿರಲಿಲ್ಲ.

“ನಂಗೂ ಗೊತ್ತಿಲ್ಲ,” ಎಂದೆ. “ಇಲ್ಲಿ ಹೆಸರಿರಲ್ಲ, ಬರೀ ನಂಬರು. ಯಾರದು ಅಂತ ಗೊತ್ತಾದ್ರೆ ಕಣ್ಣು ಪಕ್ಷಪಾತ ಮಾಡುತ್ತೆ.”

“ಈಗಾಗ್ಲೇ ಮಾಡ್ತಿದೆಯಲ್ಲ,” ಎಂದು ನನ್ನನ್ನೇ ನೋಡಿ ನಕ್ಕ. ನನ್ನ ಕಿವಿ ಕೆಂಪಾಯಿತು.

ಮುನ್ನೂರು ರೋಗಿಗಳ ಸ್ಲೈಡುಗಳಲ್ಲಿ ಒಂದು ಪ್ರೋಟೀನಿನ ಕಂದು ಬಣ್ಣ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ಬಣ್ಣ ಗಾಢವಾಗಿದ್ದವರಲ್ಲಿ ಐದು ವರ್ಷ ದಾಟಿ ಬದುಕುವವರು ಕಡಿಮೆ ಎಂಬುದು ನಮ್ಮ ಗುಮಾನಿ.

ಆ ಚಳಿಗಾಲವಿಡೀ ಅವನ ಜೊತೆ ಕಾಫಿ, ಹರಟೆ, ಹೆಪ್ಪುಗಟ್ಟಿದ ನದಿಯ ಪಕ್ಕ ನಡಿಗೆ. ಅಷ್ಟರಲ್ಲಿ ಫೆಬ್ರವರಿ ಇಪ್ಪತ್ತೊಂಬತ್ತು ಬಂತು. ನಾಲ್ಕು ವರ್ಷಕ್ಕೊಮ್ಮೆ ಬರುವ ಅದು ನಮ್ಮ ದೇಶದಲ್ಲಿ ಹೆಣ್ಣೇ ಮದುವೆಗೆ ಕೇಳುವ ದಿನ. ಗಂಡು ಒಲ್ಲೆನೆಂದರೆ ಅವಳಿಗೆ ಲಂಗಕ್ಕೆ ಬಟ್ಟೆ ಕೊಡಿಸಬೇಕು. ನಾನು ಕೇಳಿಯೇ ಬಿಟ್ಟೆ.

“ಮೊದ್ಲು ನನ್ನ ಸ್ಲೈಡಿನ ಬಣ್ಣ ಹೇಳು,” ಎಂದ. “ಗಾಢವಾಗಿದ್ರೆ ನಿನ್ನನ್ನ ವಿಧವೆ ಮಾಡೋಕೆ ನಂಗಿಷ್ಟ ಇಲ್ಲ.”

“ಅದು ಮುನ್ನೂರು ಜನರ ವಿಷಯ ಹೇಳುತ್ತೆ ಕಣೋ, ನಿನ್ನೊಬ್ಬನದ್ದಲ್ಲ.”

“ಹಾಗಾದ್ರೆ ಬೇಡ, ಸೈಮಿ.”

ತುಂಬ ನೋವಾಯಿತು. ಯಾವ ನಂಬರು ಯಾರದೆಂಬ ಪಟ್ಟಿ ನಮ್ಮ ಪ್ರೊಫೆಸರರ ಬೀರುವಿನಲ್ಲಿತ್ತು, ಬೀಗದ ಕೈ ಎಲ್ಲಿದೆಯೆಂದೂ ಗೊತ್ತಿತ್ತು. ಮುಟ್ಟಲಿಲ್ಲ. ಬಣ್ಣ ನೋಡಿ ಅವನನ್ನು ಆರಿಸುವವಳು ನಾನಲ್ಲ.

ವಾರ ಕಳೆದು ಓಸ್ಮೊ ಲ್ಯಾಬಿಗೇ ಬಟ್ಟೆ ತಂದ. ದಪ್ಪನೆಯ ನೀಲಿ ಉಣ್ಣೆ.

“ಇಪ್ಪತ್ತು ವರ್ಷ ಬಾಳಿಕೆ ಬರುತ್ತಂತೆ,” ಎಂದ, ನೆಲ ನೋಡುತ್ತ.

“ಒಳ್ಳೇದಾಯ್ತು. ನಾಲ್ಕು ವರ್ಷ ಬಿಟ್ಟು ಇದನ್ನೇ ಹಾಕ್ಕೊಂಡು ಮತ್ತೆ ಕೇಳ್ತೀನಿ. ಬೇಡ ಅನ್ನೋಕಾದ್ರೂ ನೀನು ಇರಲೇಬೇಕು.”

“ಆಗ್ಲೂ ಬೇಡ ಅಂದ್ರೆ?”

“ಇನ್ನೊಂದು ಲಂಗ. ಎಂಟನೇ ವರ್ಷಕ್ಕೆ ಮತ್ತೊಂದು. ನನ್ನ ಬೀರುವಲ್ಲಿ ಬೇಕಾದಷ್ಟು ಜಾಗ ಇದೆ.”

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

“ನಾಲ್ಕು ವರ್ಷ ಕಾಯೋಕೆ ನನ್ನ ಕೈಲಾಗಲ್ಲ ಮಾರಾಯ್ತಿ. ಈಗ್ಲೇ ಕೇಳು.”

“ನನ್ನ ದಿನ ಮುಗೀತು. ಈಗ ನಿನ್ನ ಸರದಿ.”

ಲ್ಯಾಬಿನವರೆಲ್ಲ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಓಸ್ಮೊ ಎರಡು ಸಲ ತಡವರಿಸಿ, ಮೂರನೆಯ ಸಲ ಮದುವೆಯಾಗ್ತೀಯಾ ಎಂದು ಪೂರ್ತಿ ಕೇಳಿದ. ಅಲ್ಲಿಯತನಕ ಕಾದು, ಹೂಂ ಎಂದೆ.