ಕಂಪನಿ ಕೊಟ್ಟ ವಿಗ್ಗು

ಕೂದಲೆಣ್ಣೆ ಕಂಪನಿಯವರು ವಿಗ್ಗು ಕೇಳೋಕೆ ಹೋದ ತಂಗೀನ "ಕಾಯಿರಿ, ಸರದಿ ಬರುತ್ತೆ" ಅಂತ ಬಾಗಿಲಲ್ಲೇ ಸಾಗಹಾಕಿದ ದಿನ, ಪಾರ್ಲರಿನವಳ ಹೊಟ್ಟೇಲಿ ಎದ್ದ ಬೆಂಕಿಗೆ ಇಡೀ ಊರಿನ ಅನ್ನ ಬೇಯ್ತಿತ್ತು. ಕ್ಯಾನ್ಸರಿನ ಔಷಧಿಗೆ ತಂಗಿಯ ತಲೆ ಬೋಳಾಗಿತ್ತು. ಬಸ್ ನಿಲ್ದಾಣದ ಟಿಕೆಟ್ ಕಿಟಕೀಲಿ ಕೂತು ಸಾವಿರ ಜನರ ಬಾಯಿ ಮುಚ್ಚಿಸ್ತಿದ್ದವಳು ಈಗ ಹಾಲಿನವನಿಗೂ ಮುಖ ತೋರಿಸ್ತಿರಲಿಲ್ಲ. ಊರ ಗೋಡೆಗಳ ಮೇಲೆ ಮಾತ್ರ ಕಂಪನಿಯದೇ ಮೆರವಣಿಗೆ: ಒಂದು ಬಾಟ್ಲಿ ಎಣ್ಣೆ ಕೊಳ್ಳಿ, ಕೂದಲು ಕಳಕೊಂಡ ಹೆಣ್ಣುಮಗಳಿಗೆ ಒಂದು ವಿಗ್ಗು, ಒಂದು ನಗು ಕೊಡಿ. ವಿಗ್ಗೆಲ್ಲ ದೊಡ್ಡವರ ಮನೆ ಹೆಂಗಸರ ಪಾಲಾಗಿರುತ್ತೆ, ಹಾಳಾದೋರು, ಅಂತ ಅಕ್ಕ ಹಲ್ಲು ಕಡಿದಳು.

ಸರಿ, ಆ ಕಂಪನಿಗೇ ಕನ್ನ ಹಾಕೋದು ಅಂತ ತೀರ್ಮಾನಿಸಿದಳು.

ವಿಗ್ಗಿಗೆ ಅಂತ ನಡೆಸೋ ಕೂದಲು ದಾನದ ಶಿಬಿರಗಳಲ್ಲಿ ಜಡೆ ಕತ್ತರಿಸೋಕೆ ಕಂಪನಿ ಕರೆಸ್ತಿದ್ದದ್ದು ಇವಳನ್ನೇ. ಕಾಲೇಜು ಹುಡುಗೀರು ಅಳ್ತಾ ಜಡೆ ಕೊಡೋರು, ಕಂಪನಿಯವರು ಅವರ ಕೈಗೆ ಎಣ್ಣೆ ಬಾಟ್ಲಿ ಹಿಡಿಸಿ ಫೋಟೋ ಹೊಡೆಯೋರು. ಜಡೆ ಹೋದವಳಿಗೆ ಎಣ್ಣೆ ಕೊಡೋ ಬುದ್ಧಿವಂತರು ಅವರು. ಸಂಜೆ ಒಬ್ಬ ಬಂದು ಚೀಲದ ಬಾಯಲ್ಲಿ ಇಣುಕಿ, ತೂಕ ಹಾಕಿ, ಸೀಲು ಒತ್ತೋನು. ತಳಕ್ಕೆ ಕೈ ಹಾಕ್ತಿರಲಿಲ್ಲ. ಬಿಳೀ ಶರಟಿಗೆ ಕೂದಲು ಅಂಟುತ್ತಲ್ಲ. ಇವಳಿಗೆ ಅಷ್ಟು ಸಾಕಾಯ್ತು. ಪಾರ್ಲರಿನ ನೆಲ ಗುಡಿಸಿದ ಕೂದಲನ್ನ ಚೀಲದ ತಳಕ್ಕೆ ತುರುಕಿದಳು, ಮೇಲೆ ಚೆಂದದ ನಾಲ್ಕು ಜಡೆ ಹರಡಿದಳು. ತಂಗಿಯ ಕೂದಲಿನ ಬಣ್ಣಕ್ಕೆ ಹೊಂದೋ ಜಡೆಗಳನ್ನ ಸೊಂಟಕ್ಕೆ ಸುತ್ತಿಕೊಂಡು, ಏಳು ತಿಂಗಳ ಬಸುರಿ ಹಾಗೆ ಎಲ್ಲರ ಮುಂದೇನೇ ನಡೆದು ಬಂದಳು. ಒಂದು ನಾಯೀನೂ ಬೊಗಳಲಿಲ್ಲ.

ಆಮೇಲೆ ತಲೆಯಳತೆಯ ಬಲೆಗೆ ಒಂದೊಂದೇ ಎಳೆ ಗಂಟು ಹಾಕಿ ವಿಗ್ಗು ಕಟ್ಟಿದಳು. ಕಣ್ಣು ಎರಡೂ ಕಿತ್ತು ಕೈಗೆ ಬರೋದೊಂದು ಬಾಕಿ. ಕದ್ದದ್ದು ಅಂದ್ರೆ ತಂಗಿ ಮುಟ್ಟೋಳಲ್ಲ, ಅಷ್ಟು ನೇರ. ಅದಕ್ಕೂ ಉತ್ತರ ಹೊಂದಿಸಿಕೊಂಡಿದ್ದಳು.

"ಯಾರು ಕೊಟ್ರೇ ಅಕ್ಕಾ?"

"ಇನ್ಯಾರು, ನಿನ್ನ ಎಣ್ಣೆ ಕಂಪನಿ. ಸರದಿ ಬಂತಂತೆ ಮಹಾರಾಣೀದು."

"ಅಯ್ಯೋ, ಸುಮ್ಮನೆ ಶಾಪ ಹಾಕಿದೆವಲ್ಲೇ ಪಾಪ ಅವರಿಗೆ."

ಮಾರನೇ ದಿನಾನೇ ತಂಗಿ ಟಿಕೆಟ್ ಕಿಟಕೀಲಿ ಕೂತು ಯಾರನ್ನೋ ಗದರಿಸ್ತಿದ್ದದ್ದು ನೋಡಿ ಅಕ್ಕನ ಜೀವ ತಂಪಾಯ್ತು. ಅಷ್ಟೊಂದು ವಿಗ್ಗು ಹಂಚೋರಿಗೆ ಇದೊಂದರ ಲೆಕ್ಕ ಎಲ್ಲಿ ಸಿಗಬೇಕು ಅಂತ ಒಳಗೊಳಗೇ ನಕ್ಕಳು.

ವಾರ ಕಳೆದಿರಲಿಲ್ಲ, ಪಾರ್ಲರಿನ ಬಾಗಿಲು ತಳ್ಳಿಕೊಂಡು ತಂಗಿ ಬಂದಳು, ಮುಖ ಊರಗಲ ಅರಳಿತ್ತು. ಹಿಂದೆ ಕಂಪನಿ ಮೇನೇಜರು, ಅವನ ಹಿಂದೆ ಕ್ಯಾಮೆರಾದವನು. ಥ್ಯಾಂಕ್ಸ್ ಹೇಳೋಣ ಅಂತ ಅವರ ಆಫೀಸಿಗೆ ಹೋಗಿದ್ದಳಂತೆ, ದೇವರಂಥ ಜನ, ಕಾರಲ್ಲೇ ಕರಕೊಂಡು ಬಂದರಂತೆ. ತಂಗೀನ ಕನ್ನಡಿ ಮುಂದೆ ಕೂರಿಸಿ, ಕೈಗೆ ಎಣ್ಣೆ ಬಾಟ್ಲಿ ಕೊಟ್ಟು, ಮೇನೇಜರು ಅಕ್ಕನ ಕಿವಿ ಹತ್ತಿರ ಬಗ್ಗಿದ. "ಚೀಲದ ತುಂಬಾ ಕಸ ಇತ್ತಲ್ಲಮ್ಮಾ, ಕೂದಲು ಕೊಳ್ಳೋ ವ್ಯಾಪಾರಿ ವಾಪಸ್ ಕಳಿಸಿದ. ಯಾರ ಕೈಚಳಕ ಅಂತ ತಲೆ ಕೆಡಿಸಿಕೊಂಡಿದ್ದೆ. ಇನ್ನು ಮೇಲೆ ಊರ ಗೋಡೆಗಳ ಮೇಲೆಲ್ಲ ನಿಮ್ಮ ತಂಗೀದೇ ಫೋಟೋ. ಒಪ್ಪಲ್ಲ ಅಂದ್ರೆ ಪೊಲೀಸರಿದ್ದಾರೆ." ನಾನೇ ಅಂತ ಹೇಗೆ ಗೊತ್ತಾಯ್ತು ಅಂತ ಅಕ್ಕ ಮೆಲ್ಲಗೆ ಕೇಳಿದಳು. ಅವನು ಅಂದ: "ವಿಗ್ಗಿಗೆ ಥ್ಯಾಂಕ್ಸ್ ಹೇಳೋಕೆ ಇವತ್ತಿನವರೆಗೂ ಯಾರೂ ಬಂದಿರಲಿಲ್ಲ. ನಾವು ಒಬ್ಬರಿಗಾದ್ರೂ ಕೊಟ್ಟಿದ್ರೆ ತಾನೇ?"